ಅತ್ತೆ ಬಿಗಿದ ನಲ್ಲಿ

ಏಪ್ರಿಲ್ 3, ಗುರುವಾರ

ಅತ್ತೆಯವರು ಬಂದಿಳಿದರು. ಜೊತೆಗೆ ಒಂದು ಸೂಟ್‌ಕೇಸು, ಟವೆಲ್ಲಿನಲ್ಲಿ ಸುತ್ತಿದ ಕತ್ತರಿಗಳು, ಮತ್ತು ಕಾಲಿನಿಂದ ತುಳಿಯುವ ಆ ಕಬ್ಬಿಣದ ಹೊಲಿಗೆ ಮೆಷಿನ್ನು. ಅದನ್ನು ಎರಡನೇ ಮಹಡಿಗೆ ಹೊತ್ತು ತರುವಷ್ಟರಲ್ಲಿ ನನ್ನ ಸೊಂಟದ ಕಥೆ ಮುಗಿಯಿತು. ತಿಂಗಳೊಪ್ಪತ್ತಿನ ಮಾತು, ಅಷ್ಟಕ್ಕೇ ಮುಖ ಗಂಟಿಕ್ಕಿಕೊಳ್ಳಬೇಡಿ ಎಂದಳು ನನ್ನ ಹೆಂಡತಿ. ನಾನು ಗಂಟಿಕ್ಕಿಕೊಂಡಿರಲಿಲ್ಲ. ನನ್ನ ಮುಖ ಇರುವುದೇ ಹಾಗೆ.

ಬೇರೆ ಯಾರನ್ನೂ ದೂರುವ ಹಾಗಿಲ್ಲ. ಅತ್ತೆಯ ಬೀದಿಯನ್ನು ಅಗೆಸಿದವನು ನಾನೇ. ಅಲ್ಲಿನ ಹಳೆಯ ಕಬ್ಬಿಣದ ಮೇನ್ ಲೈನು ತುಕ್ಕು ಹಿಡಿದು, ನಲ್ಲಿ ತಿರುಗಿಸಿದರೆ ಟೀ ಬಣ್ಣದ ನೀರು ಬರುತ್ತಿತ್ತು. ಅದನ್ನು ಕಿತ್ತು ಪ್ಲಾಸ್ಟಿಕ್ ಲೈನು ಹಾಕುವ ಕೆಲಸ ನೀರು ಸರಬರಾಜು ಕಚೇರಿಯಲ್ಲಿ ನನ್ನ ಪಾಲಿಗೆ ಬಂತು. ಹೊಸ ಲೈನು ಹಾಕಿಯಾಗಿದೆ. ಅದರಿಂದ ಅರವತ್ತೆರಡು ಮನೆಗಳಿಗೆ ಸರ್ವಿಸ್ ಪೈಪು ಜೋಡಿಸುವುದು ಬಾಕಿ. ಅಲ್ಲಿಯವರೆಗೆ ಅತ್ತೆಯ ಮನೆಯ ಮುಂದೆ ಎದೆಮಟ್ಟದ ಗುಂಡಿ, ಅದರ ಮೇಲೊಂದು ಹಲಗೆ. ಮುಂದಿನ ಕೋಣೆಯಲ್ಲಿರುವ ಅವರ ಟೈಲರ್ ಅಂಗಡಿಗೆ ಗಿರಾಕಿಗಳು ಸರ್ಕಸ್ ಮಾಡಿಕೊಂಡೇ ಬರಬೇಕು. ಟ್ಯಾಂಕರಿನಿಂದ ನೀರು ಹೊರಲು ಅವರ ಮಂಡಿ ಒಪ್ಪುವುದಿಲ್ಲ.

ಅತ್ತೆಯವರು ನನ್ನ ಜೊತೆ ಮಾತಾಡುವುದಿಲ್ಲ. ಜಗಳವೇನೂ ಇಲ್ಲ. ಮದುವೆಯಾದಾಗಿನಿಂದ ಹೀಗೇ. ನಾನೂ ಅವರ ಜೊತೆ ಮಾತಾಡುವುದಿಲ್ಲ. ಇಬ್ಬರ ಮಾತೂ ಇವಳ ಮೂಲಕವೇ ಹಾದುಹೋಗಬೇಕು. ಇವತ್ತು ಊಟಕ್ಕೆ ಕೂತಾಗ ನನ್ನ ತಟ್ಟೆಯನ್ನೇ ನೋಡುತ್ತ, “ಅಳಿಯಂದಿರಿಗೆ ಉಪ್ಪು ಬೇಕಾ ಕೇಳೇ” ಎಂದರು. “ಬೇಡ ಅಂತ ಹೇಳು” ಎಂದೆ. ಇವಳು ತಲೆಯನ್ನೂ ಎತ್ತದೆ, “ಬೇಡ್ವಂತೆ” ಎಂದಳು. ಇದನ್ನು ಯಾರು ಶುರು ಮಾಡಿದರೋ ಯಾರಿಗೂ ನೆನಪಿಲ್ಲ.

ಏಪ್ರಿಲ್ 5, ಶನಿವಾರ

ಬೆಳಿಗ್ಗೆ ಅಡುಗೆಮನೆಯ ನಲ್ಲಿ ತೆರೆಯಲು ಆಗಲಿಲ್ಲ. ಅಂಗೈ ಕೆಂಪಗಾಯಿತೇ ಹೊರತು ಅದು ಮಿಸುಕಲಿಲ್ಲ. ಅತ್ತೆಯವರು ನಲ್ಲಿಯನ್ನು ಮುಚ್ಚುವುದಿಲ್ಲ, ಅದರ ಕತ್ತು ಹಿಸುಕುತ್ತಾರೆ. ಒಳಗೊಂದು ರಬ್ಬರ್ ವಾಷರ್ ಇರುತ್ತದೆ, ಹೀಗೆ ಬಿಗಿದರೆ ಅದು ಹರಿದುಹೋಗುತ್ತದೆ, ನಿಮ್ಮಮ್ಮನಿಗೆ ಹೇಳು ಎಂದೆ. ಒಳಗಿನಿಂದ ಉತ್ತರ ಬಂತು: ಒಂದು ಹನಿ ತೊಟ್ಟಿಕ್ಕಿದರೂ ಅವರಿಗೆ ನಿದ್ದೆ ಬರುವುದಿಲ್ಲವಂತೆ. ಕೂದಲು ನರೆಯುವವರೆಗೂ ಸೋರಿಕೆ ನಿಲ್ಲಿಸುವುದನ್ನೇ ಕಸುಬು ಮಾಡಿಕೊಂಡವನು ನಾನು. ಪಾನಾ ತಂದು ತೆರೆದೆ.

ಏಪ್ರಿಲ್ 8, ಮಂಗಳವಾರ

ಸಾಹೇಬರು ಕರೆಸಿದ್ದರು. ಸ್ಟೋರಿನಲ್ಲಿ ಹಳೆಯ ಹಿತ್ತಾಳೆ ಫೆರೂಲುಗಳು ಮೂಟೆಗಟ್ಟಲೆ ಬಿದ್ದಿವೆ, ಮೇನ್ ಪೈಪಿಗೆ ನೇರವಾಗಿ ತೂತು ಕೊರೆದು ಅವನ್ನೇ ತಿರುಗಿಸಿ ಕೂರಿಸಿ, ತಿಂಗಳ ಕೊನೆಯೊಳಗೆ ಬೀದಿ ಮುಚ್ಚಿ ಎಂದರು. ಫೆರೂಲು ಎಂದರೆ ಮೇನ್ ಪೈಪಿನಿಂದ ಮನೆಯ ಪೈಪಿಗೆ ನೀರು ಬಿಡುವ ತಿರುಪಿನ ಮೂತಿ. ಕಬ್ಬಿಣದ ಪೈಪಿಗೆ ನಾವು ಹಾಗೇ ಮಾಡುತ್ತಿದ್ದುದು. ಇದು ಪ್ಲಾಸ್ಟಿಕ್ಕು, ಗೋಡೆ ತೆಳು ಎಂದೆ. ನೋಡಿ ಮಾಡಿ ಎಂದರು. ಸಾಹೇಬರು ‘ನೋಡಿ ಮಾಡಿ’ ಎಂದರೆ ನೋಡುವುದು ಬೇಡ, ಮಾಡಿ ಎಂದರ್ಥ.

ಸತ್ಯ ಹೇಳಬೇಕೆಂದರೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತಿಂಗಳ ಕೊನೆಗೆ ಬೀದಿ ಮುಚ್ಚಿದರೆ ಮಾರನೇ ದಿನವೇ ಮೆಷಿನ್ನು ಕೆಳಗಿಳಿಯುತ್ತದೆ. ಕುರ್ಚಿಯ ಮೇಲೆ ಕೂತರೆ ಸೂಜಿ ಚುಚ್ಚುವುದಿಲ್ಲ. ನನ್ನ ನಲ್ಲಿಗಳು ನನ್ನವೇ ಆಗಿರುತ್ತವೆ.

ಏಪ್ರಿಲ್ 11, ಶುಕ್ರವಾರ

ಸ್ಟೋರಿನ ಅಂಗಳದಲ್ಲಿ ಒಂದು ತುಂಡು ಪೈಪಿಗೆ ಫೆರೂಲು ಕೂರಿಸಿ ನೋಡಿದೆವು. ಕೊರೆದವನು ನಮ್ಮ ಫಿಟ್ಟರು. ಆಳು ಕುಳ್ಳ, ಹಾಗಾಗಿ ಕಚೇರಿಯಲ್ಲೆಲ್ಲ ಅವನ ಹೆಸರು ಅರ್ಧಇಂಚು. ತೆಳು ಗೋಡೆಯಲ್ಲಿ ತಿರುಪಿನ ಎರಡು ಎಳೆ ಕಚ್ಚಿಕೊಂಡವು, ಮೂರನೆಯದಕ್ಕೆ ಜಾಗವೇ ಇಲ್ಲ. ಕೈಪಂಪಿನಿಂದ ನೀರಿನ ಒತ್ತಡ ಏರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಬುಡದಲ್ಲಿ ಒಂದು ಹನಿ ಕಾಣಿಸಿಕೊಂಡಿತು. ಒರೆಸಿದೆ. ಮತ್ತೊಂದು ಬಂತು.

“ಆರು ತಿಂಗಳು ತಡ್ಯತ್ತೆ ಸರ್” ಎಂದ ಅರ್ಧಇಂಚು. ಆರು ತಿಂಗಳು ನನಗೆ ಬೇಕಾದಷ್ಟಾಯಿತು, ಅಷ್ಟರೊಳಗೆ ಅತ್ತೆಯವರು ಅವರ ಮನೆಯಲ್ಲಿರುತ್ತಾರೆ ಎಂಬ ಯೋಚನೆ ಬಂದಿದ್ದು ಸುಳ್ಳಲ್ಲ. ಆಮೇಲೆ ಅರವತ್ತೆರಡು ಮನೆಯ ಮುಂದೆ ಮತ್ತೆ ಗುಂಡಿ. ಆಗುವುದಿಲ್ಲ ಎಂದು ಸಾಹೇಬರಿಗೆ ಬರೆದುಕೊಟ್ಟೆ. ಸ್ಯಾಡಲ್ ಬೇಕು, ಅಂದರೆ ಪೈಪನ್ನು ಸುತ್ತ ತಬ್ಬಿಕೊಳ್ಳುವ ಪಟ್ಟಿ. ಫೆರೂಲು ಅದಕ್ಕೆ ಕೂರುತ್ತದೆ, ಎಳೆತವೆಲ್ಲ ಪಟ್ಟಿಯ ಮೇಲೆ ಬೀಳುತ್ತದೆ, ಪೈಪಿನ ಮೇಲಲ್ಲ. ತರಿಸಬೇಕು, ತಡವಾಗುತ್ತದೆ. ನನ್ನ ತಲೆಯ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ಏಪ್ರಿಲ್ 15, ಮಂಗಳವಾರ

ಸ್ಯಾಡಲ್ ಮಾದರಿಗಳನ್ನು ಮನೆಗೆ ತಂದಿದ್ದೆ. ಒಂದು ಕಿರಿದಾದ ಕಬ್ಬಿಣದ ಪಟ್ಟಿಯದು. ಅದನ್ನು ಬಿಗಿದರೆ ಪ್ಲಾಸ್ಟಿಕ್ಕಿನೊಳಗೆ ಕಚ್ಚಿ ಪೈಪನ್ನು ಸೊಟ್ಟ ಮಾಡುತ್ತದೆ. ಇನ್ನೊಂದು ಅಗಲವಾದದ್ದು, ಒಳಗೆಲ್ಲ ರಬ್ಬರಿನ ಹಾಸು. ರಾತ್ರಿ ಊಟವಾದ ಮೇಲೆ ನೋಡಿದರೆ ಅಗಲದ್ದು ಮಾಯ. ಮನೆಯೆಲ್ಲ ಹುಡುಕಿದೆ. ಅತ್ತೆಯ ಮೇಜಿನ ಮೇಲಿತ್ತು, ಕತ್ತರಿಸಿದ ಕಾಗದಗಳು ಫ್ಯಾನಿಗೆ ಹಾರದಂತೆ ಭಾರಕ್ಕೆ ಇಟ್ಟುಕೊಂಡಿದ್ದರು. ಇದು ಕಚೇರಿಯ ಸಾಮಾನು ಅಂತ ಹೇಳು ಎಂದೆ. ಹಾಗಾದರೆ ಆ ಸಣ್ಣದನ್ನು ತೆಗೆದುಕೊಂಡು ಹೋಗಲಿ, ಇದು ಚೆನ್ನಾಗಿದೆ ಎಂದು ಇವಳ ಮೂಲಕ ತೀರ್ಪು ಬಂತು. ನಾನು ಆರಿಸಿದ್ದೂ ಅದೇ. ಆದರೆ ಕಾಗದದ ಭಾರಕ್ಕಲ್ಲ.

ಮಲಗುವಾಗ ಇವಳು ಒಂದು ವಿಷಯ ಹೇಳಿದಳು. ಅತ್ತೆಯ ಬೀದಿಯ ತುದಿಯಲ್ಲೊಂದು ಶಾಲೆಯಿದೆ. ಅಲ್ಲಿನ ಮಕ್ಕಳ ಸಮವಸ್ತ್ರವನ್ನೆಲ್ಲ ಇವಳು ಚಿಕ್ಕವಳಿದ್ದಾಗಿನಿಂದ ಅತ್ತೆಯವರೇ ಹೊಲಿಯುವುದು. ಈ ಸಲ ಮುಖ್ಯರಸ್ತೆಯ ಹೊಸ ರೆಡಿಮೇಡ್ ಅಂಗಡಿ ಶಾಲೆಯ ಬೆನ್ನು ಬಿದ್ದಿದೆ. ಮೇ ಇಪ್ಪತ್ತೈದರೊಳಗೆ ಅಂಗಡಿ ತೆರೆದು ಮಕ್ಕಳ ಅಳತೆ ತೆಗೆಯಲು ಶುರು ಮಾಡದಿದ್ದರೆ ಆರ್ಡರು ಅವರ ಪಾಲು ಎಂದು ಶಾಲೆಯವರು ಹೇಳಿಬಿಟ್ಟಿದ್ದಾರೆ. “ಅಮ್ಮಂಗೆ ಅದೊಂದು ಹೋದ್ರೆ ಅಂಗಡೀನೇ ಹೋದ ಹಾಗೆ ಕಣ್ರೀ” ಎಂದಳು. ಮೇ ಇಪ್ಪತ್ತೈದಕ್ಕೆ ಇನ್ನೂ ಬೇಕಾದಷ್ಟು ಸಮಯವಿದೆ ಎಂದೆ.

ಏಪ್ರಿಲ್ 20, ಭಾನುವಾರ

ಇವಳು ಹೋದಳು. ಆಸ್ಪತ್ರೆಯವರು ನರ್ಸುಗಳಿಗೆ ಮೂರು ವಾರದ ತರಬೇತಿ ಇಟ್ಟಿದ್ದಾರೆ, ಬೇರೆ ಊರಲ್ಲಿ. ಬಸ್ಸು ಹತ್ತುವಾಗ, “ಇಬ್ಬರೂ ಮಾತಾಡ್ಕೊಂಡಿರಿ” ಎಂದು ನಕ್ಕಳು. ಅವಳಿಗೇನು, ನಗುತ್ತಾಳೆ.

ಮನೆಗೆ ಬಂದೆ. ಅತ್ತೆಯವರು ಹೊಲಿಯುತ್ತಿದ್ದರು. ನಾನು ಪೇಪರು ಓದಿದೆ. ಅವರು ಕೆಮ್ಮಿದರು. ನಾನೂ ಕೆಮ್ಮಿದೆ.

ಏಪ್ರಿಲ್ 22, ಮಂಗಳವಾರ

ಪಕ್ಕದ ಮನೆಯ ಬೆಕ್ಕು ನಮ್ಮನ್ನು ಕಾಪಾಡಿತು.

ಎರಡು ದಿನ ಊಟದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ ಸದ್ದೇ ಕರೆ. ನಾನು ಚಪ್ಪಲಿ ಮೆಟ್ಟಿದ ಸದ್ದೇ ಹೋಗಿಬರುತ್ತೇನೆ ಎನ್ನುವುದು. ಇವತ್ತು ಸಂಜೆ ಬೆಕ್ಕು ಕಿಟಕಿಯಿಂದ ಒಳಗೆ ಬಂದು ನಡುಮನೆಯಲ್ಲಿ ಕೂತಿತು. ಅತ್ತೆಯವರು ಅದರ ಮುಖ ನೋಡಿ, “ಹೊತ್ತಾಯ್ತು, ಊಟ ಆರ್ತಿದೆ ಅಂತ ಹೇಳು” ಎಂದರು. ನಾನು ಬೆಕ್ಕಿಗೆ, “ಐದು ನಿಮಿಷ ಅಂತ ಹೇಳು” ಎಂದೆ. ಬೆಕ್ಕು ಇಬ್ಬರನ್ನೂ ನೋಡಿ ಬಾಲ ಸುತ್ತಿಕೊಂಡು ಮಲಗಿತು. ಕೆಲಸವಂತೂ ಆಯಿತು. ಅದಕ್ಕೊಂದಿಷ್ಟು ಹಾಲು ಹಾಕಿದೆವು. ನಾಳೆಯೂ ಬರಬೇಕಲ್ಲ.

ನಲ್ಲಿಯ ವಾಷರ್ ಹರಿದಿದೆ. ಬದಲಿಸಿದೆ.

ಏಪ್ರಿಲ್ 26, ಶನಿವಾರ

ಸಾಹೇಬರು ಕೊನೆಗೂ ಅಗಲದ ಸ್ಯಾಡಲ್ಲಿಗೆ ಒಪ್ಪಿದರು. ಮನೆಗೆ ಬಂದವನೇ ಸ್ಯಾಡಲ್ ಕಂಪನಿಯವನಿಗೆ ಫೋನು ಹಚ್ಚಿ, ನಾಲ್ಕು ಇಂಚಿನವು ಅರವತ್ತೆರಡು ಕಳಿಸು ಎಂದು ಹೇಳಿ ಮುಗಿಸಿದೆ. ಎರಡು ವಾರವೆಂದ. ಲೆಕ್ಕ ಹಾಕಿದರೆ ಮೇ ಇಪ್ಪತ್ತೈದಕ್ಕೆ ಬೀದಿ ತಯಾರು.

ಫೋನು ಮಾಡುವಾಗ ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ನನ್ನ ನೀಲಿ ಅಂಗಿ. ಅದರ ಕಾಲರು ಸವೆದು ಬಿಳಿಚಿಕೊಂಡಿತ್ತು. ಬಿಚ್ಚಿ ತಿರುವಿ ಹೊಲಿದಿದ್ದಾರೆ, ಈಗ ಅಂಗಡಿಯಿಂದ ತಂದ ಹಾಗಿದೆ. ನಾನು ಕೇಳಿರಲಿಲ್ಲ. ಕೇಳುವುದಾದರೂ ಹೇಗೆ, ಬೆಕ್ಕು ಇವತ್ತು ಬಂದಿರಲಿಲ್ಲ. ಅಂಗಿ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡೆ. ಚೆನ್ನಾಗಿದೆ ಎಂದು ಯಾರಿಗೆ ಹೇಳಬೇಕೆಂದು ತಿಳಿಯದೆ ಕನ್ನಡಿಗೇ ಸ್ವಲ್ಪ ಜೋರಾಗಿ ಹೇಳಿದೆ. ಒಳಗೆ ಮೆಷಿನ್ನು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಮೇ 3, ಶನಿವಾರ

ಈಚೆಗೆ ಬೇಗ ಮನೆಗೆ ಬರುತ್ತಿದ್ದೇನೆ. ಕಚೇರಿಯಲ್ಲಿ ಸೆಕೆ.

ಸಂಜೆ ಟಿವಿಯಲ್ಲಿ ಪ್ರಶ್ನೋತ್ತರದ ಕಾರ್ಯಕ್ರಮ ಬರುತ್ತದೆ. ಅತ್ತೆಯವರು ಗುಂಡಿ ಹೊಲಿಯುತ್ತ ಟಿವಿಗೆ ಉತ್ತರ ಹೇಳುತ್ತಾರೆ. ನಾನು ಪೇಪರಿನ ಹಿಂದಿನಿಂದ ಟಿವಿಗೆ ಉತ್ತರ ಹೇಳುತ್ತೇನೆ. ಅವರಿಗೆ ದೇಶಗಳ ರಾಜಧಾನಿಗಳೆಲ್ಲ ಬಾಯಿಪಾಠ. ನನಗೆ ನದಿ, ಅಣೆಕಟ್ಟು. ಯಾವ ಲೋಹ ನೀರಿಗೆ ಬೇಗ ತುಕ್ಕು ಹಿಡಿಯುತ್ತದೆ ಎಂಬ ಪ್ರಶ್ನೆ ಬಂದಾಗ ನಾನು ಉತ್ತರ ಹೇಳುವ ಮೊದಲೇ ಅವರು ಸೂಜಿ ಹಿಡಿದ ಕೈ ಎತ್ತಿ ನನ್ನ ಕಡೆ ತೋರಿಸಿ ಕಾದರು. ಅದು ನಿಮ್ಮದು ಎನ್ನುವ ಹಾಗೆ. ಸರಿಯಾಗಿ ಹೇಳಿದೆ. ಇಷ್ಟಕ್ಕೆಲ್ಲ ಖುಷಿಪಡುವ ವಯಸ್ಸಲ್ಲ ನನ್ನದು.

ಬರುವಾಗ ಅಂಗಡಿಯಿಂದ ಒಂದು ಡಜನ್ ವಾಷರ್ ತಂದಿಟ್ಟಿದ್ದೇನೆ. ಅವರು ಬಿಗಿಯಲಿ, ನಾನು ಬದಲಿಸುತ್ತೇನೆ.

ಮೇ 9, ಶುಕ್ರವಾರ

ಸ್ಯಾಡಲ್ ಬಂದವು.

ಅರ್ಧಇಂಚು ಗುಂಡಿಗಿಳಿದು ಮೊದಲನೆಯದನ್ನು ಪೈಪಿಗೆ ಸುತ್ತಿ ಬೋಲ್ಟು ಬಿಗಿದ. ಬಿಗಿದ, ಬಿಗಿದ, ಬೋಲ್ಟಿನ ಎಳೆ ಮುಗಿಯಿತು. ಸ್ಯಾಡಲ್ ಮಾತ್ರ ದೊಡ್ಡ ಬಳೆಯ ಹಾಗೆ ಪೈಪಿನ ಮೇಲೆ ಗಿರ್ರನೆ ತಿರುಗಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ನಾನು ಪೆಟ್ಟಿಗೆಯ ಮೇಲಿನ ಚೀಟಿ ನೋಡಿದೆ. ನಾಲ್ಕು ಇಂಚು. ನಾನು ಹೇಳಿದ್ದೇ ಬಂದಿದೆ.

ಕಬ್ಬಿಣದ ಪೈಪನ್ನು ಕರೆಯುವುದು ಒಳಗಿನ ತೂತಿನ ಅಳತೆಯಿಂದ. ಹೊರಮೈ ಅದಕ್ಕಿಂತ ಸಾಕಷ್ಟು ದೊಡ್ಡದಿರುತ್ತದೆ. ಪ್ಲಾಸ್ಟಿಕ್ ಪೈಪನ್ನು ಕರೆಯುವುದು ಹೊರಮೈ ಅಳತೆಯಿಂದ, ನೂರಹತ್ತು ಮಿಲಿಮೀಟರ್ ಎಂದು. ಬಾಯಿಮಾತಿನಲ್ಲಿ ಎರಡನ್ನೂ ನಾಲ್ಕು ಇಂಚು ಎಂದುಬಿಡುತ್ತೇವೆ. ಆರ್ಡರು ಕೊಡುವಾಗ ಯಾವ ಪೈಪು ಎಂದು ಹೇಳದೆ ಫೋನು ಇಡಬಾರದು ಎಂದು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳುವವನು ನಾನು. ನಾನೇ ಹೇಳಲಿಲ್ಲ. ಕಂಪನಿಯವನು ಹಿಂದಿನ ಲೆಕ್ಕ ನೋಡಿ ಕಬ್ಬಿಣದ ಪೈಪಿನದು ಕಳಿಸಿದ್ದಾನೆ. ವಾಪಸು ಕಳಿಸಿ ಬೇರೆ ತರಿಸಲು ಮತ್ತೆ ಒಂದು ತಿಂಗಳು. ಇಪ್ಪತ್ತೈದು ಎಲ್ಲಿ, ಒಂದು ತಿಂಗಳೆಲ್ಲಿ. ಅತ್ತೆಯವರ ಅಂಗಡಿಯನ್ನು ನಾನು ಮಣ್ಣುಪಾಲು ಮಾಡಿದೆ.

ಮನೆಗೆ ಬಂದು ಕೂತೆ. ಊಟ ಸೇರಲಿಲ್ಲ. ಬೆಕ್ಕು ಇತ್ತು. ಅದಕ್ಕೇ ಎಲ್ಲ ಹೇಳಿದೆ, ಒಳ ಅಳತೆ, ಹೊರ ಅಳತೆ, ಒಂದು ತಿಂಗಳು, ಎಲ್ಲ. ಅರ್ಧಕ್ಕೇ ಅದಕ್ಕೆ ಬೇಜಾರಾಗಿ ಎದ್ದು ಕಿಟಕಿಯಿಂದ ಹೊರಟುಹೋಯಿತು. ನಾನು ಮುಗಿಸಿದೆ. ಅತ್ತೆಯವರು ಕತ್ತರಿ ಕೆಳಗಿಟ್ಟರು.

“ಆಗತ್ತೆ ಬಿಡಿ” ಎಂದರು. “ನಾನೂ ಒಂದ್ಸಲ ನಲವತ್ತು ಅಂಗಿಗೆ ಅಷ್ಟೂ ಎಡಗೈ ತೋಳೇ ಕತ್ತರಿಸಿಟ್ಟಿದ್ದೆ.”

“ಆಮೇಲೆ ಏನ್ ಮಾಡಿದ್ರಿ?”

“ಮೊದ್ಲು ಅತ್ತೆ. ಆಮೇಲೆ ಹೋಗಿ ಬೇರೆ ಬಟ್ಟೆ ತಂದೆ.”

ಅತ್ತೆಯವರ ಬಾಯಲ್ಲೇ ‘ಅತ್ತೆ’ ಎಂದು ಕೇಳಿ, ನಗುವ ಹೊತ್ತಲ್ಲದಿದ್ದರೂ ನಗು ಬಂದುಬಿಟ್ಟಿತು. ಅವರು ಪೆಚ್ಚಾಗಿ ನೋಡಿದರು. ಆಮೇಲೆ ಅವರಿಗೂ ಹೊಳೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕಿಸಿಕೊಂಡು ನಕ್ಕರು. ತಟ್ಟೆಯನ್ನು ನನ್ನ ಮುಂದೆ ಸರಿಸಿ ಒಳಗೆ ಹೋದರು. ಊಟ ಮಾಡಿದೆ.

ಕೈ ತೊಳೆಯುವಾಗ ತಟ್ಟನೆ ಗೊತ್ತಾಯಿತು, ಬೆಕ್ಕು ಆಗಲೇ ಹೋಗಿಬಿಟ್ಟಿತ್ತು. ನಡುವೆ ಯಾರೂ ಇರಲಿಲ್ಲ.

ಇಪ್ಪತ್ತೈದರ ಮಾತನ್ನು ಅವರು ಎತ್ತಲೇ ಇಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಮೇ 11, ಭಾನುವಾರ

ಇವಳು ತರಬೇತಿ ಮುಗಿಸಿ ಬಂದಳು. ಅಡುಗೆಮನೆಯಲ್ಲಿ ನಾನು ಬೆಂಡೆಕಾಯಿ ಹೆಚ್ಚುತ್ತಿದ್ದುದನ್ನು ನೋಡಿ ಬಾಗಿಲಲ್ಲೇ ನಿಂತಳು. “ಇನ್ನೂ ಸಣ್ಣಗೆ” ಎಂದು ಅತ್ತೆಯವರು ನನಗೆ ಹೇಳುತ್ತಿದ್ದರು. ನನಗೇ. ಇವಳ ಮುಖ ನೋಡುವ ಹಾಗಿತ್ತು. ಇವಳ ಕೆಲಸ ಹೋದಂತಾಗಿತ್ತು ಪಾಪ.

ರಾತ್ರಿ ಸ್ಯಾಡಲ್ಲಿನ ಕಥೆ ಹೇಳಿದೆ. ಕೇಳಿ, “ಬೇಕಂತಲೇ ಮಾಡಿದ್ರಾ?” ಎಂದಳು. ನನಗೆ ಉರಿದುಹೋಯಿತು. ಯಾಕೆ ಬೇಕಂತಲೇ ಮಾಡಲಿ? ಅವರು ಹೋದರೆ ಸಾಕು ಎಂದು ಏಪ್ರಿಲ್ ತಿಂಗಳೆಲ್ಲ ಹೇಳುತ್ತಿದ್ದವನು ನಾನು. ಬಾಯಿತಪ್ಪು, ಅಷ್ಟೇ. ಯಾರಿಗಾದರೂ ಆಗುತ್ತದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಆಗಿಲ್ಲ ಎನ್ನುವುದು ಬೇರೆ ಮಾತು. ಇವಳು ನಗುತ್ತ ಮಗ್ಗುಲಾಗಿ ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಬೇಕಂತಲೇ ಅಲ್ಲ. ಇಲ್ಲಿ ಯಾರೂ ಓದುವುದಿಲ್ಲ, ಸುಳ್ಳು ಬರೆದು ಏನು ಮಾಡಲಿ.

ಮೇ 14, ಬುಧವಾರ

ಹೊಳೆಯಾಚೆಯ ಉಪಕಚೇರಿಗೆ ಹೋಗಿದ್ದೆ. ಅಲ್ಲಿ ಇನ್ನೂ ಕಬ್ಬಿಣದ ಲೈನೇ ಇದೆ, ಮುಂದಿನ ವರ್ಷ ಪ್ಲಾಸ್ಟಿಕ್ ಹಾಕುವವರಿದ್ದಾರೆ. ಅದಕ್ಕಾಗಿ ಸರಿಯಾದ ಅಳತೆಯ ಸ್ಯಾಡಲ್ಲುಗಳನ್ನು ಈಗಲೇ ತರಿಸಿಟ್ಟುಕೊಂಡಿದ್ದಾರೆ ಎಂದು ಅರ್ಧಇಂಚಿಗೆ ಯಾರೋ ಹೇಳಿದ್ದರಂತೆ. ನನ್ನವು ನಿಮ್ಮ ಕಬ್ಬಿಣದ ಲೈನಿಗೆ ಆಗುತ್ತವೆ, ನಿಮ್ಮವು ನನಗೆ ಕೊಡಿ ಎಂದು ಅಲ್ಲಿನ ಇಂಜಿನಿಯರನ್ನು ಕೇಳಿದೆ. ಆ ಮನುಷ್ಯನಿಗೂ ನನಗೂ ಹಿಂದಿನಿಂದಲೂ ಅಷ್ಟಕ್ಕಷ್ಟೇ. ಅವನ ಬಾಗಿಲಿಗೆ ಹೋಗಿ ನಿಲ್ಲುವುದಿಲ್ಲ ಎಂದುಕೊಂಡಿದ್ದೆ. ಮಧ್ಯಾಹ್ನದವರೆಗೆ ನಿಂತೆ. ತಪ್ಪು ಹೇಗಾಯಿತು ಎಂದು ಮೂರು ಸಲ ಕೇಳಿ ಮೂರು ಸಲವೂ ಸವಿದ. ಮೂರು ಸಲವೂ ಹೇಳಿದೆ.

ಅಷ್ಟೊಂದು ಯಾರಿಗಾಗಿ ಅಂಗಲಾಚುತ್ತಿದ್ದೀರಿ ಎಂದ. ಅರವತ್ತೆರಡು ಮನೆಗಳಿಗಾಗಿ ಎಂದೆ. ಕೊಟ್ಟ. ಪ್ರತಿಯೊಂದನ್ನೂ ಅಲ್ಲೇ ಪೈಪಿನ ತುಂಡಿಗೆ ಹಾಕಿ ನೋಡಿಯೇ ಜೀಪಿಗೆ ಏರಿಸಿದೆ.

ಮೇ 17, ಶನಿವಾರ

ಕೆಲಸ ಶುರು. ಅತ್ತೆಯವರ ಮನೆ ಬೀದಿಯ ಕೊನೆಯದು. “ಅಮ್ಮನವ್ರ ಮನೆಯಿಂದಾನೇ ಶುರು ಮಾಡೋಣ ಸರ್, ಯಾರ್ ಕೇಳ್ತಾರೆ” ಎಂದ ಅರ್ಧಇಂಚು. ಬೀದಿಯವರೆಲ್ಲ ಕೇಳುತ್ತಾರೆ ಎಂದೆ. ಮನೆಯಲ್ಲಿ ಇವಳು ಮತ್ತೆ ‘ಬೇಕಂತಲೇನಾ’ ಎನ್ನುವ ನೋಟ ನೋಡಿದಳು. ಅತ್ತೆಯವರು ಮಾತ್ರ, ಸರದಿ ಅಂದ್ರೆ ಸರದಿ, ಅಳಿಯಂದಿರು ಸರಿಯಾಗೇ ಮಾಡಿದ್ದಾರೆ ಎಂದರು. ಆದರೂ ಗೋಡೆಯ ಕ್ಯಾಲೆಂಡರಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರು.

ಮೇ 20, ಮಂಗಳವಾರ

ಮಳೆ. ಗುಂಡಿಗಳಲ್ಲಿ ನೀರು. ನಾನೂ ಇಳಿದು ಬಕೆಟ್ಟಿನಿಂದ ಎತ್ತಿ ಹಾಕಿದೆ.

ಮೇ 23, ಶುಕ್ರವಾರ

ಕತ್ತಲಾಗುವ ಮೊದಲು ಅತ್ತೆಯವರ ಮನೆಯ ಜೋಡಣೆ ಮುಗಿಯಿತು. ಅವರೂ ಬಂದು ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸ್ಯಾಡಲ್ ಮುದ್ದಾಗಿ ಕಚ್ಚಿಕೊಂಡಿತು. ಅರ್ಧಇಂಚು ಸರ್ವಿಸ್ ಪೈಪನ್ನು ನೇರ ಎಳೆದು ಜೋಡಿಸಲು ಹೋದಾಗ ನಾನು ತಡೆದೆ. ಇನ್ನೊಂದಿಷ್ಟು ಉದ್ದ ಬಿಡು, ಒಂದು ಬಾಗು ಕೊಟ್ಟು ಹೂಳು, ನಾಳೆ ನೆಲ ಕುಸಿದರೆ ಜೋಡಣೆಯ ಮೇಲೆ ಎಳೆತ ಬೀಳಬಾರದು ಎಂದೆ. ಅವನಿಗೆ ಗೊತ್ತಿಲ್ಲದ್ದೇನಲ್ಲ, ಅವಸರ ಅಷ್ಟೇ. ಅತ್ತೆಯವರು ಕೂತಲ್ಲಿಂದಲೇ, “ಲಂಗದ ಅಂಚಲ್ಲಿ ಮಡಿಕೆ ಬಿಡ್ತೀವಲ್ಲ, ಹಾಗೆ” ಎಂದರು. ಮಕ್ಕಳು ಬೆಳೆದ ಹಾಗೆ ಬಿಚ್ಚಿಕೊಳ್ಳಲು. ಹೌದು, ಹಾಗೇ ಎಂದೆ.

ವಾಲ್ವು ತೆರೆದೆವು. ನಲ್ಲಿ ಮೊದಲು ಗೊರಗೊರ ಎಂದಿತು, ಕೆಸರು ಉಗುಳಿತು, ಆಮೇಲೆ ತಿಳಿನೀರು. ಅತ್ತೆಯವರು ಬೊಗಸೆಯಲ್ಲಿ ಹಿಡಿದು ಬೆಳಕಿಗೆ ನೋಡಿ ಮುಖ ತೊಳೆದುಕೊಂಡರು. ಆಮೇಲೆ ನಲ್ಲಿ ಮುಚ್ಚಿದರು. ಅದು ಕಿರ್ರೆಂದಿತು.

ಮೇ 24, ಶನಿವಾರ

ಮೆಷಿನ್ನು ಇಳಿಸಿದೆವು. ಇಳಿಸುವಾಗ ಹತ್ತಿಸಿದ್ದಕ್ಕಿಂತ ಭಾರವಿತ್ತು. ನಾಳೆಯಿಂದ ಅಳತೆ ಶುರು, ಶಾಲೆಯವರಿಗೆ ಹೇಳಿ ಕಳಿಸಿದ್ದಾರೆ. ಗಡುವಿನೊಳಗೇ ಆಯಿತು.

ಆಟೋದಲ್ಲಿ ಕೂತು ಅತ್ತೆಯವರು ಒಂದು ಪೊಟ್ಟಣ ಕೊಟ್ಟರು. ಒಳಗೆ ಕಾಗದದ ಭಾರಕ್ಕೆ ಇಟ್ಟುಕೊಂಡಿದ್ದ ಆ ಮಾದರಿ ಸ್ಯಾಡಲ್, ಒರೆಸಿ ಲಕಲಕ ಮಾಡಿದ್ದು. “ಕಚೇರಿ ಸಾಮಾನು” ಎಂದರು. ಇಟ್ಟುಕೊಳ್ಳಿ ಎನ್ನಬೇಕೆಂದಿದ್ದೆ. ಆಟೋ ಹೊರಟಿತು.

ಮೇ 26, ಸೋಮವಾರ

ಬೆಳಿಗ್ಗೆ ಅಡುಗೆಮನೆಯ ನಲ್ಲಿ ಎರಡೇ ಬೆರಳಿಗೆ ತಿರುಗಿತು. ಸರಾಗವಾಗಿ. ಯಾಕೋ ಸರಿ ಬರಲಿಲ್ಲ.

ಮೇ 30, ಶುಕ್ರವಾರ

ನೀರಿನ ಒತ್ತಡ ಪರೀಕ್ಷಿಸಲು ಅತ್ತೆಯವರ ಬೀದಿಗೆ ಹೋಗಿದ್ದೆ. ಅವರ ಅಂಗಡಿಯ ಮುಂದೆ ಮಕ್ಕಳ ಸಾಲು. ಅತ್ತೆಯವರು ಕೊರಳಲ್ಲಿ ಟೇಪು ಹಾಕಿಕೊಂಡು ಒಬ್ಬಳು ಹುಡುಗಿಗೆ ನೆಟ್ಟಗೆ ನಿಲ್ಲೆಂದು ಗದರುತ್ತಿದ್ದರು. ಒಳಗೆ ಹೋದರೆ ಕೆಲಸ ಕೆಡುತ್ತದೆ ಎಂದು ಹಾಗೇ ಬಂದೆ. ಈ ವಾರದಲ್ಲಿ ಇದು ಮೂರನೇ ಪರೀಕ್ಷೆ, ಲೈನು ಚೆನ್ನಾಗೇ ಇದೆಯಲ್ಲ ಸರ್ ಎಂದ ಅರ್ಧಇಂಚು. ಹೊಸ ಲೈನನ್ನು ನಂಬಬಾರದು ಎಂದೆ.

ಬೆಕ್ಕು ಸಂಜೆ ಬಂದು ನಡುಮನೆಯಲ್ಲಿ ಕೂತಿತ್ತು. ಹೇಳುವುದಕ್ಕೆ ಏನೂ ಇರಲಿಲ್ಲ. ಹಾಲು ಹಾಕಿದೆ. ಮನೆ ಬಿಕೋ ಎನ್ನುತ್ತಿದೆ ಎಂದಳು ಇವಳು. ಹೌದು, ಬಿಕೋ ಎನ್ನುತ್ತಿದೆ.

ಜೂನ್ 8, ಭಾನುವಾರ

ಬೆಳಿಗ್ಗೆ ನನ್ನ ಫೋನು ಬಡಿದುಕೊಂಡಿತು. ಅತ್ತೆಯವರು ಯಾವತ್ತೂ ಇವಳ ಫೋನಿಗೇ ಮಾಡುವವರು. ಇವತ್ತು ನನಗೆ. “ನಾನು” ಎಂದರು. “ನಲ್ಲಿ ಸೋರ್ತಿದೆ. ನೀವು ಬಂದು ನೋಡ್ತೀರಾ?”

ನಾನು ಆರಿಸಿದ ಸ್ಯಾಡಲ್, ನಾನು ಎದುರಲ್ಲೇ ನಿಂತು ಮಾಡಿಸಿದ ಜೋಡಣೆ. ಪಾನಾ, ವಾಷರ್, ದಾರ, ಎಲ್ಲ ಚೀಲಕ್ಕೆ ತುಂಬಿಕೊಂಡೆ. ನಾನೂ ಬರಲಾ ಎಂದು ಕೇಳಿದಳು ಇವಳು. ಕೆಲಸದ ವಿಷಯ, ನೀನ್ಯಾಕೆ ಎಂದೆ.

ಅಂಗಡಿಯ ತುಂಬ ನೀಲಿ ಲಂಗ, ಬಿಳಿ ಅಂಗಿಗಳ ರಾಶಿ. ದಾಟಿಕೊಂಡು ಹೋಗಲು ಜಾಗವಿಲ್ಲ. ಮೊದಲು ಹೊರಗೆ ಲೈನಿನ ಮೇಲಿನ ಮಣ್ಣು ನೋಡಿದೆ, ಒಣಗಿತ್ತು. ಗೋಡೆಯ ಬುಡ ನೋಡಿದೆ, ಒಣಗಿತ್ತು. ಆಮೇಲೆ ಒಳಗೆ ನಲ್ಲಿಯ ಹತ್ತಿರ ಹೋದೆ. ಹೌದು, ತೊಟ್ಟಿಕ್ಕುತ್ತಿತ್ತು. ಒಂದು ಹನಿ, ಸ್ವಲ್ಪ ತಡೆದು ಇನ್ನೊಂದು ಹನಿ. ಪಾನಾ ತೆಗೆಯುವ ಮೊದಲು ಸುಮ್ಮನೆ ಎರಡು ಬೆರಳು ಇಟ್ಟು ತಿರುಗಿಸಿದೆ. ನಿಂತುಹೋಯಿತು.

ಅಷ್ಟೇ. ನಲ್ಲಿಯನ್ನು ಪೂರ್ತಿ ಮುಚ್ಚಿರಲಿಲ್ಲ. ಒಂದು ಹನಿ ಬಿದ್ದರೂ ನಿದ್ದೆ ಬಾರದ ಅತ್ತೆಯವರು.

ತಿರುಗಿ ನೋಡಿದರೆ ಕಟಿಂಗ್ ಮೇಜಿನ ಒಂದು ಮೂಲೆ ಖಾಲಿ ಮಾಡಿ ಎರಡು ಲೋಟ ಟೀ ಇಟ್ಟಿದ್ದಾರೆ. ಕುರ್ಚಿಯ ಮೇಲಿನ ಸೂಜಿಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದಾರೆ.

“ಏನಾಗಿತ್ತು?” ಎಂದರು, ಸೂಜಿಗಳನ್ನೇ ನೋಡುತ್ತ.

“ವಾಷರ್ರು” ಎಂದೆ. “ಇಂಥದ್ದು ಒಂದೇ ಸಲಕ್ಕೆ ಸರಿಹೋಗಲ್ಲ. ಮುಂದಿನ ಭಾನುವಾರ ಮತ್ತೆ ಬಂದು ನೋಡ್ಬೇಕು.”

“ನೋಡ್ಬೇಕಪ್ಪ” ಎಂದರು. “ಕೂತ್ಕೊ.”

ಕೂತೆ. ಟೀ ಕುಡಿದೆವು. ಗುಂಡಿ ಹಚ್ಚದ ಅಂಗಿಗಳು ಇನ್ನೂ ಇದ್ದವು, ನಾನು ದಾರ ಪೋಣಿಸಿಕೊಡುತ್ತ ಕೂತೆ, ಹೊತ್ತು ಹೋದದ್ದೇ ತಿಳಿಯಲಿಲ್ಲ. ವಾಷರ್ ಬಿಚ್ಚಿ ನೋಡಿದೆ, ಹೊಸದರ ಹಾಗೇ ಇದೆ. ಬದಲಿಸಲಿಲ್ಲ. ಮುಂದಿನ ವಾರ ಬದಲಿಸುತ್ತೇನೆ.